ಬೋಟ್ಸ್‌ವಾನಾದ ಜನ, ಜನಸಂಖ್ಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೋಟ್ಸ್‌ವಾನಾದಲ್ಲಿ ಒಟ್ಟು ಎಷ್ಟು ಜನ ಇದ್ದಾರೆ?

2022ರ ಜನಗಣತಿ ಪ್ರಕಾರ 23,59,609. ಅಂದರೆ ಇಪ್ಪತ್ನಾಲ್ಕು ಲಕ್ಷಕ್ಕೂ ಸ್ವಲ್ಪ ಕಡಿಮೆ. ದೇಶದ ವಿಸ್ತೀರ್ಣ ಸುಮಾರು 5,81,730 ಚದರ ಕಿಲೋಮೀಟರ್. ನಮ್ಮ ಕರ್ನಾಟಕದಂಥ ಮೂರು ರಾಜ್ಯ ಅದರೊಳಗೆ ಹಿಡಿಸುತ್ತವೆ. ಆದರೆ ಅಲ್ಲಿರುವ ಜನ 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಎಣಿಸಿದ ಜನರ ನಾಲ್ಕನೇ ಒಂದು ಭಾಗದಷ್ಟೇ.

ಜನಸಾಂದ್ರತೆ ಚದರ ಕಿಲೋಮೀಟರಿಗೆ ಸುಮಾರು ನಾಲ್ಕು ಜನ. ಈ ಅಂಕಿಯನ್ನು ಎಲ್ಲರೂ ಬರೆಯುತ್ತಾರೆ, ನಾನೂ ಬರೆದೆ. ಆದರೆ ಇದರಿಂದ ತಿಳಿಯುವುದು ಬಹಳ ಕಡಿಮೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೆಟ್‌ನಲ್ಲಿ ಒಂದೊಂದು ಕಡೆ ಒಂದೊಂದು ಅಂಕಿ ಇದೆಯಲ್ಲ, ಯಾವುದನ್ನು ನಂಬುವುದು?

ಜನಗಣತಿಯದ್ದನ್ನು. ಉಳಿದವು ಹೆಚ್ಚಿನಂಶ ಅಂದಾಜುಗಳು. ವಿಶ್ವಸಂಸ್ಥೆಯವರು ಹಿಂದಿನ ಗಣತಿ, ಜನನ ಮರಣದ ದರ, ವಲಸೆ ಇವನ್ನೆಲ್ಲ ಸೇರಿಸಿ ಲೆಕ್ಕ ಹಾಕುತ್ತಾರೆ. 2022ಕ್ಕೆ ಅವರು ಮೊದಲು ಹಾಕಿದ್ದ ಅಂದಾಜು ಸುಮಾರು 26 ಲಕ್ಷ. ಆಮೇಲೆ ಗಣತಿ ನಡೆದಾಗ ಸಿಕ್ಕಿದ್ದು 23.6 ಲಕ್ಷ. ನಂತರ ವಿಶ್ವಸಂಸ್ಥೆಯೂ ತನ್ನ ಲೆಕ್ಕವನ್ನು ಇಳಿಸಿಕೊಂಡಿತು. ಹಳೆಯ ಅಂದಾಜನ್ನೇ ಎತ್ತಿಕೊಂಡ ಪುಟಗಳು ಮಾತ್ರ ಇನ್ನೂ ಹಾಗೇ ಉಳಿದಿವೆ. ದೊಡ್ಡ ದೇಶದಲ್ಲಿ ಎರಡೂವರೆ ಲಕ್ಷ ಹೆಚ್ಚು ಕಡಿಮೆಯಾದರೆ ಗೊತ್ತೇ ಆಗುವುದಿಲ್ಲ. ಇಲ್ಲಿ ಅದು ಇಡೀ ರಾಜಧಾನಿಯ ಜನಸಂಖ್ಯೆಗೆ ಸಮ.

ಗಣತಿ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. 2021ರದ್ದು ಕೋವಿಡ್‌ನಿಂದಾಗಿ ಒಂದು ವರ್ಷ ಮುಂದೆ ಹೋಯಿತು. ಆ ಸಲ ಕಾಗದದ ಬದಲು ಟ್ಯಾಬ್ಲೆಟ್ ಹಿಡಿದು ಮನೆಮನೆಗೆ ಹೋದರು.

ಜನಸಂಖ್ಯೆ ಹೇಗೆ ಬೆಳೆದಿದೆ?

1971ರಲ್ಲಿ ಆರು ಲಕ್ಷಕ್ಕಿಂತ ಸ್ವಲ್ಪ ಕಡಿಮೆ ಇತ್ತು. 1981ರಲ್ಲಿ 9,41,027. 1991ರಲ್ಲಿ 13,26,796. 2001ರಲ್ಲಿ 16,80,863. 2011ರಲ್ಲಿ 20,24,904.

ಅರ್ಧ ಶತಮಾನದಲ್ಲಿ ಸುಮಾರು ನಾಲ್ಕು ಪಟ್ಟು. ಆದರೆ ವೇಗ ನೋಡಿ. ಎಂಬತ್ತರ ದಶಕದಲ್ಲಿ ವರ್ಷಕ್ಕೆ ಶೇ. 3.5ರಂತೆ ಬೆಳೆಯುತ್ತಿದ್ದ ಜನಸಂಖ್ಯೆ ಈಗ ಶೇ. 1.4ಕ್ಕೆ ಇಳಿದಿದೆ. ಈ ಇಳಿಕೆಗೆ ಎರಡು ಬೇರೆ ಬೇರೆ ಕಾರಣ ಇವೆ. ಒಂದು ಒಳ್ಳೆಯದು, ಇನ್ನೊಂದು ಭೀಕರ. ಹೆರುವ ಮಕ್ಕಳ ಸಂಖ್ಯೆ ಕಡಿಮೆಯಾಗಿದ್ದು ಮೊದಲನೆಯದು. ಏಡ್ಸ್ ಎರಡನೆಯದು.

ಅಷ್ಟು ದೊಡ್ಡ ದೇಶದಲ್ಲಿ ಇಷ್ಟು ಕಡಿಮೆ ಜನ ಯಾಕೆ?

ನೀರಿಲ್ಲ. ದೇಶದ ಮುಕ್ಕಾಲು ಪಾಲು ಕಲಹಾರಿಯ ಮರಳು. ಪೂರ್ತಿ ಬೋಳು ಮರುಭೂಮಿ ಅಲ್ಲ, ಹುಲ್ಲು, ಮುಳ್ಳುಗಿಡ ಎಲ್ಲ ಇದೆ. ಆದರೆ ಮೇಲೆ ಹರಿಯುವ ನೀರಿಲ್ಲ. ಬೋರ್‌ವೆಲ್ ಬರುವ ಮುಂಚೆ ದನ ಸಾಕುವವರು ಅಲ್ಲಿ ವರ್ಷವಿಡೀ ಬದುಕುವುದು ಸಾಧ್ಯವೇ ಇರಲಿಲ್ಲ. ಉತ್ತರದ ಒಕವಾಂಗೊ ಕಡೆ ನೀರು ಬೇಕಾದಷ್ಟಿದೆ, ಆದರೆ ಅದು ಜೌಗು ನೆಲ. ಸೆಟ್ಸೆ ನೊಣ, ಮಲೇರಿಯಾ ಎರಡೂ ಇದ್ದ ಜಾಗ.

ಹಾಗಾದರೆ ಜನ ಎಲ್ಲಿ ವಾಸ ಮಾಡುತ್ತಾರೆ?

ಬಹುಪಾಲು ಪೂರ್ವದ ಅಂಚಿನಲ್ಲಿ. ನಕ್ಷೆಯಲ್ಲಿ ದಕ್ಷಿಣದ ಲೊಬಾಟ್ಸೆಯಿಂದ ಗ್ಯಾಬೊರೋನೆ, ಮಹಾಲಪ್ಯೆ ದಾಟಿ ಈಶಾನ್ಯದ ಫ್ರಾನ್ಸಿಸ್‌ಟೌನ್‌ವರೆಗೆ ಒಂದು ಗೆರೆ ಎಳೆಯಿರಿ. 1890ರ ದಶಕದಲ್ಲಿ ಹಾಕಿದ ರೈಲು ಹಳಿಯೂ ಇದೇ ಗೆರೆಯಲ್ಲಿದೆ. ಒಂದಿಷ್ಟಾದರೂ ಮಳೆ ಬೀಳುವುದು, ಜೋಳ ಬೆಳೆಯುವುದು ಇದೇ ಪಟ್ಟಿಯಲ್ಲಿ. ಪಶ್ಚಿಮಕ್ಕೆ ಹೋದರೆ ಗಾಂಜಿ, ಕಲಹಾರಿ ಜಿಲ್ಲೆಗಳಲ್ಲಿ ಗಂಟೆಗಟ್ಟಲೆ ಕಾರು ಓಡಿಸಿದರೂ ಒಂದು ಮನೆ ಕಾಣುವುದಿಲ್ಲ.

ಆದ್ದರಿಂದಲೇ ಆ "ಚದರ ಕಿಲೋಮೀಟರಿಗೆ ನಾಲ್ಕು ಜನ" ಎಂಬ ಸರಾಸರಿಗೆ ಅರ್ಥ ಕಡಿಮೆ ಅಂದಿದ್ದು. ನಾಲ್ಕೇ ಜನ ಇರುವ ಚದರ ಕಿಲೋಮೀಟರ್ ಹುಡುಕಿದರೆ ಸಿಗುವುದು ಕಷ್ಟ. ಒಂದೋ ಯಾರೂ ಇರುವುದಿಲ್ಲ, ಇಲ್ಲವೇ ಒಂದು ಊರೇ ಇರುತ್ತದೆ. ಟ್ಸ್‌ವಾನಾ ಜನ ಚದುರಿ ಬದುಕುವವರಲ್ಲ. ಬ್ರಿಟಿಷರು ಬರುವುದಕ್ಕೂ ಮುಂಚೆಯೇ ಸಾವಿರಾರು ಜನರ ದೊಡ್ಡ ದೊಡ್ಡ ಹಳ್ಳಿ ಕಟ್ಟಿಕೊಂಡಿದ್ದರು. ಊರಿನ ಮುಖ್ಯಸ್ಥ ಖೋಸಿ. ಅವನ ಸುತ್ತ ಕೇರಿಗಳು. ಕೇರಿಗೊಂದು ಖೋಟ್ಲಾ, ಅಂದರೆ ಮರದ ಕೆಳಗಿನ ಪಂಚಾಯಿತಿ ಕಟ್ಟೆ. ಸೆರೋವೆ, ಕಾನ್ಯೆ, ಮೊಚುಡಿ, ಮೊಲೆಪೊಲೊಲೆ ಇವೆಲ್ಲ ಹಾಗೆ ಬೆಳೆದ ಊರುಗಳು. ಮೊಲೆಪೊಲೊಲೆಯಲ್ಲಿ ಈಗ ಎಪ್ಪತ್ತು ಸಾವಿರಕ್ಕೂ ಜಾಸ್ತಿ ಜನ. ಆದರೂ ಅದನ್ನು ಹಳ್ಳಿ ಅಂತಲೇ ಕರೆಯುತ್ತಾರೆ.

ಅಲ್ಲಿನವರಿಗೆ ಒಬ್ಬೊಬ್ಬರಿಗೂ ಮೂರು ಮನೆ ಅಂತಾರಲ್ಲ, ನಿಜವಾ?

ಮಾತು ಸ್ವಲ್ಪ ಉತ್ಪ್ರೇಕ್ಷೆ, ಆದರೆ ಬುಡ ಸತ್ಯ. ಸಂಪ್ರದಾಯದ ಪ್ರಕಾರ ಒಂದು ಕುಟುಂಬಕ್ಕೆ ಊರಲ್ಲಿ ಒಂದು ಮನೆ. ಊರಿಂದಾಚೆ ಹೊಲ, ಅದಕ್ಕೆ ಮಸಿಮೊ ಅಂತಾರೆ. ಅದರಿಂದಲೂ ಆಚೆ ದನದ ದೊಡ್ಡಿ, ಅದು ಮೊರಾಕಾ. ಮೂರೂ ಅಕ್ಕಪಕ್ಕ ಇರುವುದಿಲ್ಲ. ದೊಡ್ಡಿ ಹತ್ತಾರು ಕಿಲೋಮೀಟರ್ ದೂರ ಇರಬಹುದು. ಮಳೆ ಬಿದ್ದ ಮೇಲೆ ಹೆಂಗಸರು, ಮಕ್ಕಳು ಹೊಲಕ್ಕೆ ಹೋಗಿ ಅಲ್ಲೇ ಗುಡಿಸಿಲು ಹಾಕಿಕೊಂಡು ಇರುತ್ತಿದ್ದರು. ಹುಡುಗರು ದೊಡ್ಡಿಯಲ್ಲಿ. ಸುಗ್ಗಿ ಮುಗಿದ ಮೇಲೆ ಎಲ್ಲರೂ ಊರಿಗೆ ವಾಪಸ್.

ಈಗ ಇದರ ಮೇಲೆ ನಾಲ್ಕನೆಯ ಜಾಗ ಸೇರಿದೆ: ಸಂಬಳ ಸಿಗುವ ಪಟ್ಟಣ. ಗ್ಯಾಬೊರೋನೆಯಲ್ಲಿ ಗುಮಾಸ್ತೆಯಾಗಿರುವವನು ಶುಕ್ರವಾರ ಸಂಜೆ ಪಿಕಪ್ ಹತ್ತಿ ದೊಡ್ಡಿಗೆ ಹೊರಡುವುದು ಅಲ್ಲಿ ತೀರಾ ಮಾಮೂಲಿ. ಕ್ರಿಸ್‌ಮಸ್, ಈಸ್ಟರ್ ಬಂತೆಂದರೆ ರಾಜಧಾನಿ ಖಾಲಿ. ಸಂಕ್ರಾಂತಿ, ದೀಪಾವಳಿಗೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನೂಕುನುಗ್ಗಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಣತಿಯವರಿಗೆ ಇದು ತಲೆನೋವು. ಯಾರನ್ನು ಎಲ್ಲಿ ಎಣಿಸಬೇಕು? ಅವರು ಹಿಂದಿನ ರಾತ್ರಿ ಎಲ್ಲಿ ಮಲಗಿದ್ದರೋ ಅಲ್ಲೇ ಎಣಿಸುತ್ತಾರೆ. ಹೀಗಾಗಿ ಊರಿನ ಅಂಕಿ ನೋಡುವಾಗ ಒಂದು ವಿಷಯ ನೆನಪಿರಲಿ: ಅದು ಆ ಹೊತ್ತಿಗೆ ಅಲ್ಲಿದ್ದವರ ಲೆಕ್ಕ, ಆ ಊರಿನವರ ಲೆಕ್ಕ ಅಲ್ಲ. ನನ್ನನ್ನು ಕೇಳಿದರೆ ಬೋಟ್ಸ್‌ವಾನಾದ ಎಲ್ಲ ಅಂಕಿಗಳನ್ನೂ ಹೀಗೇ ಓದಬೇಕು. ಇದು ಓಡಾಡುವ ಜನರ ದೇಶ.

1981ರಲ್ಲಿ ಪಟ್ಟಣವಾಸಿಗಳು ಶೇ. 17.7, 1991ರಲ್ಲಿ ಶೇ. 45.7. ಹತ್ತೇ ವರ್ಷದಲ್ಲಿ ಇದು ಹೇಗೆ ಸಾಧ್ಯ?

ಒಳ್ಳೆಯ ಪ್ರಶ್ನೆ. ಅಷ್ಟೂ ಜನ ಗಂಟುಮೂಟೆ ಕಟ್ಟಿಕೊಂಡು ಪಟ್ಟಣಕ್ಕೆ ಬರಲಿಲ್ಲ. ಹೆಚ್ಚಿನ ಪಾಲು, ಅವರಿದ್ದ ಜಾಗವೇ ಪಟ್ಟಣ ಆಯಿತು, ಕಾಗದದ ಮೇಲೆ.

ಅಲ್ಲಿನ ಲೆಕ್ಕದಲ್ಲಿ ಒಂದು ಹಳ್ಳಿಯಲ್ಲಿ 5,000ಕ್ಕಿಂತ ಜಾಸ್ತಿ ಜನ ಇದ್ದು, ದುಡಿಯುವವರಲ್ಲಿ ಶೇ. 75ರಷ್ಟಾದರೂ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿದ್ದರೆ ಅದು ನಗರ ಸ್ವರೂಪದ ಹಳ್ಳಿ. ಎಂಬತ್ತರ ದಶಕದಲ್ಲಿ ಬರ ಬಂತು, ಬೇಸಾಯ ಕುಸಿಯಿತು. ಅದೇ ಹೊತ್ತಿಗೆ ವಜ್ರದ ದುಡ್ಡಿನಿಂದ ಹಳ್ಳಿಗಳಿಗೆ ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿ ಬಂದವು. ಜನ ಹೊಲ ಬಿಟ್ಟು ಸಂಬಳಕ್ಕೆ ಸೇರಿದರು. ಹಳ್ಳಿಗಳು ಒಂದರ ಹಿಂದೆ ಒಂದು ಈ ಗೆರೆ ದಾಟಿದವು. ಅಂಕಿ ಜಿಗಿಯಿತು. ನಿಜವಾದ ವಲಸೆಯೂ ಇತ್ತು, ಇಲ್ಲವೆಂದಲ್ಲ. 2011ಕ್ಕೆ ಪಟ್ಟಣವಾಸಿಗಳು ಶೇ. 64 ಆದರು.

ರಾಜಧಾನಿ ಗ್ಯಾಬೊರೋನೆ ಎಷ್ಟು ದೊಡ್ಡದು?

2022ರಲ್ಲಿ 2,46,325 ಜನ. ಈ ಊರಿನ ಕಥೆಯೇ ವಿಚಿತ್ರ. ಬ್ರಿಟಿಷರ ಕಾಲದಲ್ಲಿ ದೇಶಕ್ಕೆ ಬೆಚುವಾನಾಲ್ಯಾಂಡ್ ಅಂತ ಹೆಸರು. ಅದರ ಆಡಳಿತ ಕೇಂದ್ರ ದೇಶದೊಳಗೇ ಇರಲಿಲ್ಲ! ದಕ್ಷಿಣ ಆಫ್ರಿಕಾದ ಮಾಫಿಕೆಂಗ್‌ನಲ್ಲಿತ್ತು. 1966ರ ಸೆಪ್ಟೆಂಬರ್ 30ಕ್ಕೆ ಸ್ವಾತಂತ್ರ್ಯ ಅಂತಾದಾಗ ಅದಕ್ಕೆ ಸ್ವಲ್ಪ ಮುಂಚೆ ತರಾತುರಿಯಲ್ಲಿ ಹೊಸ ರಾಜಧಾನಿ ಕಟ್ಟಿದರು. 20,000 ಜನ ಇರಬಹುದು ಅಂತ ಲೆಕ್ಕ ಹಾಕಿದ್ದರು. ಅಂದುಕೊಂಡದ್ದಕ್ಕಿಂತ ಹತ್ತು ಪಟ್ಟು ಮೀರಿತು.

ಆದರೆ ಈಗ ಗ್ಯಾಬೊರೋನೆ ಬೆಳೆಯುವುದೇ ನಿಂತ ಹಾಗಿದೆ. 2011ರಲ್ಲಿ 2,31,592 ಇತ್ತು, ಹನ್ನೊಂದು ವರ್ಷದಲ್ಲಿ ಹದಿನೈದು ಸಾವಿರವೂ ಹೆಚ್ಚಾಗಿಲ್ಲ. ಜನ ಬರುವುದು ನಿಂತಿಲ್ಲ, ಬಾಡಿಗೆ ಕಟ್ಟಲಾಗದೆ ಪಕ್ಕದಲ್ಲಿ ನೆಲೆಸುತ್ತಿದ್ದಾರೆ. ಅಂಟಿಕೊಂಡೇ ಇರುವ ಮೊಗೊಡಿತ್ಶಾನೆ ಎಂಬ ಹಳ್ಳಿ ಅದೇ ಅವಧಿಯಲ್ಲಿ 58,079ರಿಂದ 88,006ಕ್ಕೆ ಏರಿತು. ಟ್ಲೊಕ್ವೆಂಗ್, ಗಬಾನೆ, ಮ್ಮೊಪಾನೆ ಕಡೆಯೂ ಇದೇ ಕಥೆ.

ಎರಡನೇ ದೊಡ್ಡ ನಗರ ಫ್ರಾನ್ಸಿಸ್‌ಟೌನ್, ಲಕ್ಷ ದಾಟಿದೆ. ಗಣಿ ಊರುಗಳ ಹಣೆಬರಹ ಬೇರೆ. ಸೆಲೆಬಿ-ಫಿಕ್ವೆಯಲ್ಲಿ ತಾಮ್ರ, ನಿಕಲ್ ಗಣಿ 2016ರಲ್ಲಿ ಮುಚ್ಚಿತು. ಮುಂದಿನ ಗಣತಿಯಲ್ಲಿ ಊರಿನ ಜನಸಂಖ್ಯೆಯೇ ಇಳಿದಿತ್ತು. ವಜ್ರದ ಊರು ಒರಾಪಾಕ್ಕೆ ಇನ್ನೂ ಪರವಾನಗಿ ಇಲ್ಲದೆ ಹೊರಗಿನವರು ಹೋಗುವ ಹಾಗಿಲ್ಲ.

ಅಲ್ಲಿರುವವರೆಲ್ಲ ಟ್ಸ್‌ವಾನಾ ಬುಡಕಟ್ಟಿನವರೇನಾ?

ಅಲ್ಲ. ಸುಮಾರು ಶೇ. 79 ಟ್ಸ್‌ವಾನಾ, ಶೇ. 11 ಕಲಾಂಗಾ, ಶೇ. 3 ಬಸರ್ವಾ (ಅಂದರೆ ಬುಷ್‌ಮನ್ ಜನ), ಉಳಿದವರು ಇತರೆ ಅನ್ನುವ ಲೆಕ್ಕ ಎಲ್ಲ ಕಡೆ ಕಾಣುತ್ತದೆ. ಇದನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ಯಾಕೆಂದರೆ ಸ್ವಾತಂತ್ರ್ಯ ಬಂದ ಮೇಲೆ ಗಣತಿಯಲ್ಲಿ ಬುಡಕಟ್ಟು ಯಾವುದು ಅಂತ ಕೇಳುವುದನ್ನೇ ಬಿಟ್ಟಿದ್ದಾರೆ. ಎಲ್ಲರೂ ಒಂದೇ ಅನ್ನುವುದು ಸರ್ಕಾರದ ನಿಲುವು. ಒಳ್ಳೆಯ ಉದ್ದೇಶವೇ ಇರಬಹುದು. ಆದರೆ ಸಣ್ಣ ಸಮುದಾಯದವರು ಹೇಳುವುದು ಬೇರೆ: ಎಣಿಸದೇ ಹೋದರೆ ನಾವು ಎಷ್ಟಿದ್ದೇವೆ ಅಂತ ತೋರಿಸುವುದು ಹೇಗೆ? ಜಾತಿಗಣತಿಯ ಜಗಳ ನೋಡುತ್ತಿರುವ ನಮಗೆ ಈ ವಾದ ಹೊಸದೇನಲ್ಲ, ಅಲ್ವಾ?

ಸಂವಿಧಾನದಲ್ಲಿ ಮೊದಲಿಗೆ ಎಂಟು ಟ್ಸ್‌ವಾನಾ ಪಂಗಡಗಳ ಹೆಸರು ಮಾತ್ರ ಇದ್ದವು: ಬಕ್ಗಾಟ್ಲಾ, ಬಕ್ವೇನಾ, ಬಲೇಟೆ, ಬಂಗ್ವಾಟೊ, ಬಂಗ್ವಾಕೆತ್ಸೆ, ಬರೊಲಾಂಗ್, ಬಟವಾನಾ, ಬಟ್ಲೋಕ್ವಾ. ಮುಖ್ಯಸ್ಥರ ಸದನದಲ್ಲಿ ಈ ಎಂಟು ಪಂಗಡಗಳ ಖೋಸಿಗಳಿಗೆ ಹುಟ್ಟಿನಿಂದಲೇ ಕುರ್ಚಿ. ಉಳಿದವರು ಆಯ್ಕೆಯಾಗಿ ಬರಬೇಕಿತ್ತು. ಒಕವಾಂಗೊ ಕಡೆಯ ವಯೇಯಿ ಜನ ಇದನ್ನು ಕೋರ್ಟಿಗೆ ಒಯ್ದರು. 2001ರಲ್ಲಿ ಹೈಕೋರ್ಟ್ ಅವರ ವಾದ ಒಪ್ಪಿತು. 2005ರಲ್ಲಿ ಸಂವಿಧಾನ ತಿದ್ದಿ ಸದನವನ್ನು 35 ಜನಕ್ಕೆ ಹಿಗ್ಗಿಸಿದರು.

ಇನ್ನೊಂದು ವಿಷಯ ಗೊತ್ತಿರಲಿ. ಟ್ಸ್‌ವಾನಾ ಜನ ಜಾಸ್ತಿ ಇರುವುದು ಬೋಟ್ಸ್‌ವಾನಾದಲ್ಲಿ ಅಲ್ಲ, ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ. 2011ರ ಗಣತಿಯಲ್ಲಿ ಅಲ್ಲಿ ಸೆಟ್ಸ್‌ವಾನಾ (ಟ್ಸ್‌ವಾನಾ ಜನರ ಭಾಷೆ) ಮನೆಮಾತಿನವರು ನಲವತ್ತು ಲಕ್ಷಕ್ಕೂ ಮಿಕ್ಕಿದ್ದರು. ಗಡಿ ಎಳೆದವರು ಬ್ರಿಟಿಷರು, ಜನರನ್ನು ಕೇಳಿ ಎಳೆದದ್ದಲ್ಲ.

ಉಳಿದವರು ಎಲ್ಲಿಂದ ಬಂದರು?

ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ. ಕಲಾಂಗಾ ಜನ ಫ್ರಾನ್ಸಿಸ್‌ಟೌನ್ ಸುತ್ತಮುತ್ತ ಹಿಂದಿನಿಂದಲೂ ಇದ್ದವರು. ಜಿಂಬಾಬ್ವೆಯ ಕಡೆಯೂ ಅವರಿದ್ದಾರೆ. ಹೆರೆರೊ ಜನ 1904ರಲ್ಲಿ ಈಗಿನ ನಮೀಬಿಯಾದಲ್ಲಿ ಜರ್ಮನರು ಶುರುಮಾಡಿದ ನರಮೇಧದಿಂದ ತಪ್ಪಿಸಿಕೊಂಡು ಮರುಭೂಮಿ ದಾಟಿ ಬಂದವರು. ದಾರಿಯಲ್ಲಿ ನೀರಿಲ್ಲದೆ ಸತ್ತವರೇ ಬಹಳ. ನೆಲಮುಟ್ಟುವ ದೊಗಳೆ ಲಂಗ, ತಲೆಗೆ ಹಸುವಿನ ಕೊಂಬಿನ ಆಕಾರದ ರುಮಾಲು ಕಂಡರೆ ಅವರು ಹೆರೆರೊ ಹೆಂಗಸರು. ಗಾಂಜಿ ಕಡೆಯ ಬಿಳಿಯ ರೈತರು 1898ರ ಸುಮಾರಿಗೆ ಎತ್ತಿನ ಗಾಡಿಯಲ್ಲಿ ಬಂದ ಆಫ್ರಿಕಾನರ್‌ಗಳ ವಂಶದವರು.

ನನಗೆ ತುಂಬಾ ಇಷ್ಟವಾಗುವುದು ಹಂಬುಕುಷು ಜನರ ಕಥೆ. ಅರವತ್ತರ ದಶಕದ ಕೊನೆಗೆ ಅಂಗೋಲಾದಲ್ಲಿ ಯುದ್ಧ ಜೋರಾದಾಗ ಸಾವಿರಾರು ಜನ ಒಕವಾಂಗೊ ಹರಿವಿನ ಜಾಡು ಹಿಡಿದು ಕೆಳಗೆ ಬಂದರು. ಸರ್ಕಾರ ಅವರಿಗೆ ಎತ್ಶಾ ಎಂಬ ಕಡೆ ಜಾಗ ಕೊಟ್ಟಿತು. ಅವರು ಗುಂಪು ಗುಂಪಾಗಿ ನೆಲೆಸಿದರು. ಗುಂಪಿಗೊಂದು ಊರು, ಊರಿಗೊಂದು ನಂಬರ್: ಎತ್ಶಾ 1ರಿಂದ ಎತ್ಶಾ 13ರವರೆಗೆ. ಇಂದಿಗೂ ನಕ್ಷೆಯಲ್ಲಿ ಆ ಹೆಸರುಗಳೇ ಇವೆ.

ಯಾವ ಭಾಷೆ ಮಾತಾಡುತ್ತಾರೆ?

ಇಂಗ್ಲಿಷ್ ಆಡಳಿತ ಭಾಷೆ, ಸೆಟ್ಸ್‌ವಾನಾ ರಾಷ್ಟ್ರಭಾಷೆ. ಮನೆಯಲ್ಲಿ ಏನು ಮಾತಾಡುತ್ತೀರಿ ಅಂತ 2011ರ ಗಣತಿಯಲ್ಲಿ ಕೇಳಿದಾಗ ಶೇ. 77.3 ಜನ ಸೆಟ್ಸ್‌ವಾನಾ ಅಂದರು. ಸೆಕಲಾಂಗಾ ಶೇ. 7.4, ಸೆಖಲಗಾಡಿ ಶೇ. 3.4, ಇಂಗ್ಲಿಷ್ ಶೇ. 2.8. ಮೇಲೆ ಹೇಳಿದ ಕಲಾಂಗಾ ಶೇ. 11ರ ಜೊತೆ ಇದನ್ನು ಹೋಲಿಸಿ. ಅಂದಾಜು ಸರಿಯಿದ್ದರೆ ಎಷ್ಟೋ ಕಲಾಂಗಾ ಮನೆಗಳಲ್ಲಿ ಈಗ ಸೆಟ್ಸ್‌ವಾನಾ ಮಾತು ನಡೆಯುತ್ತಿದೆ. ಬಹಳ ಕಾಲ ಶಾಲೆಯಲ್ಲಿ ಸೆಟ್ಸ್‌ವಾನಾ, ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆಗೆ ಜಾಗವೇ ಇರಲಿಲ್ಲ. ಅದರ ಫಲ ಇದು.

ಕಲಹಾರಿಯ ಬುಷ್‌ಮನ್ ಜನ ಈಗಲೂ ಕಾಡಿನಲ್ಲಿ ಬೇಟೆಯಾಡಿ ಬದುಕುತ್ತಾರಾ?

ಹಾಗೆ ಮಾತ್ರವೇ ಬದುಕುವವರು ಈಗ ಇಲ್ಲ ಅಂತಲೇ ಹೇಳಬೇಕು. ಇವರನ್ನು ಸಾನ್ ಅಂತ ಕರೆಯುತ್ತಾರೆ, ಬೋಟ್ಸ್‌ವಾನಾದಲ್ಲಿ ಬಸರ್ವಾ ಅನ್ನುತ್ತಾರೆ. ಈ ನೆಲದಲ್ಲಿ ಎಲ್ಲರಿಗಿಂತ ಮುಂಚೆ ಇದ್ದವರು. ಇವರದು ಒಂದೇ ಭಾಷೆಯಲ್ಲ, ಹಲವು. ನಾಲಿಗೆ ಚಟಕಿಸುವ ಶಬ್ದಗಳು ಇವರ ಭಾಷೆಗಳಲ್ಲಿ ತುಂಬಿವೆ. ಅವುಗಳಲ್ಲಿ ಒಂದಾದ ತಾ ಭಾಷೆಯಲ್ಲಿರುವಷ್ಟು ಬೇರೆ ಬೇರೆ ಧ್ವನಿಗಳು ಜಗತ್ತಿನಲ್ಲಿ ಇನ್ನೆಲ್ಲೂ ಸಿಗುವುದು ಅಪರೂಪ.

ಇವರಲ್ಲಿ ಹೆಚ್ಚಿನವರು ಈಗ ಗಾಂಜಿಯ ದನದ ಫಾರ್ಮುಗಳಲ್ಲಿ ಕೂಲಿ, ಇಲ್ಲವೇ ಸರ್ಕಾರ ಕಟ್ಟಿಸಿಕೊಟ್ಟ ಊರುಗಳಲ್ಲಿ ವಾಸ. 1961ರಲ್ಲಿ ಕಲಹಾರಿಯ ನಡುವೆ ದೊಡ್ಡ ಅಭಯಾರಣ್ಯ ಮಾಡಿದಾಗ ಒಳಗಿದ್ದ ಬಸರ್ವಾ ಜನ ಅಲ್ಲೇ ಉಳಿಯಬಹುದು ಅಂತಿತ್ತು. 1997ರಲ್ಲಿ, ಮತ್ತೆ 2002ರಲ್ಲಿ ಅವರನ್ನು ಹೊರಗೆ ಸಾಗಿಸಿದರು. ಬೋರ್‌ವೆಲ್ ಮುಚ್ಚಿದರು. ಅವರು ಕೋರ್ಟಿಗೆ ಹೋಗಿ 2006ರ ಡಿಸೆಂಬರ್‌ನಲ್ಲಿ ಗೆದ್ದರು. ಆದರೆ ಅರ್ಜಿಯಲ್ಲಿ ಹೆಸರಿದ್ದವರಿಗೆ ಮಾತ್ರ ಈ ತೀರ್ಪು ಅಂತ ಸರ್ಕಾರ ಪಟ್ಟು ಹಿಡಿಯಿತು. ನೀರಿಗಾಗಿ ಮತ್ತೆ ಕೋರ್ಟು. 2011ರಲ್ಲಿ ಅದೂ ಸಿಕ್ಕಿತು. ಆ ಸಮುದಾಯದ ಹಿರಿಯರೊಬ್ಬರು 2021ರಲ್ಲಿ ತೀರಿಕೊಂಡಾಗ ಅವರನ್ನು ಹಿರೀಕರ ನೆಲದಲ್ಲಿ ಹೂಳಲು ಒಪ್ಪಿಗೆ ಸಿಗದೆ ದೇಹ ಸುಮಾರು ಮೂರು ವರ್ಷ ಶವಾಗಾರದಲ್ಲೇ ಇತ್ತು. ಹೊಸ ಸರ್ಕಾರ ಬಂದ ಮೇಲೆ 2024ರ ಡಿಸೆಂಬರ್‌ನಲ್ಲಿ ಮಣ್ಣು ಮಾಡಿದರು. ಆಫ್ರಿಕಾದಲ್ಲೇ ಮಾದರಿ ಪ್ರಜಾಪ್ರಭುತ್ವ ಎಂಬ ಹೊಗಳಿಕೆ ಕೇಳಿದಾಗಲೆಲ್ಲ ಈ ಭಾಗವನ್ನೂ ಜೊತೆಗಿಟ್ಟು ನೋಡಬೇಕು.

ಏಡ್ಸ್‌ನಿಂದ ಬೋಟ್ಸ್‌ವಾನಾದ ಜನಸಂಖ್ಯೆಗೆ ಏನಾಯಿತು?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ದೇಶದಲ್ಲಿ ಮೊದಲ ಪ್ರಕರಣ ಪತ್ತೆಯಾದದ್ದು 1985ರಲ್ಲಿ. 2000ದ ಹೊತ್ತಿಗೆ ತಪಾಸಣೆಗೆ ಬರುತ್ತಿದ್ದ ಗರ್ಭಿಣಿಯರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಮಂದಿಗೆ ಎಚ್‌ಐವಿ ಸೋಂಕು ಇತ್ತು. ಮೂವರಲ್ಲಿ ಒಬ್ಬರು! ಗಣತಿ ಲೆಕ್ಕದ ಪ್ರಕಾರ ಸರಾಸರಿ ಆಯಸ್ಸು 1991ರಲ್ಲಿ 65.3 ವರ್ಷ ಇದ್ದದ್ದು 2001ರಲ್ಲಿ 55.6ಕ್ಕೆ ಕುಸಿಯಿತು. ಬೇರೆ ಅಂದಾಜುಗಳಲ್ಲಿ ಇದು ಇನ್ನೂ ಕೆಳಗಿದೆ. ಸಾಯುತ್ತಿದ್ದವರು ಮುದುಕರಲ್ಲ, ದುಡಿಯುವ ವಯಸ್ಸಿನವರು. ಶಿಕ್ಷಕರು, ದಾದಿಯರು, ಚಾಲಕರು, ಮಕ್ಕಳಿದ್ದ ತಾಯಂದಿರು. ಶನಿವಾರ ಬಂದರೆ ಊರೂರಲ್ಲಿ ಮಣ್ಣಿನ ಕಾರ್ಯ. ಅಜ್ಜಿಯರು ಮೊಮ್ಮಕ್ಕಳನ್ನು ಸಾಕುವುದೇ ರೂಢಿಯಾಯಿತು. ಅನಾಥ ಮಕ್ಕಳಿಗೆ ಸರ್ಕಾರ 1999ರಿಂದ ತಿಂಗಳ ಆಹಾರ ಸಾಮಗ್ರಿ ಕೊಡಲು ಶುರುಮಾಡಿತು. 2003ರ ಹೊತ್ತಿಗೆ ಜನಸಂಖ್ಯೆ ಕುಗ್ಗತೊಡಗುತ್ತದೆ ಅಂತ ಅಮೆರಿಕದ ಜನಗಣತಿ ಇಲಾಖೆ 2000ದಲ್ಲಿ ಅಂದಾಜು ಮಾಡಿತ್ತು. ನಮ್ಮ ಜನಾಂಗವೇ ಅಳಿಯಬಹುದು ಅಂತ ಆಗಿನ ಅಧ್ಯಕ್ಷ ಫೆಸ್ಟಸ್ ಮೊಗಾಯೆ ಬಹಿರಂಗವಾಗಿ ಎಚ್ಚರಿಸಿದರು. ರಾಜಕಾರಣಿಗಳು ಇದನ್ನು ಮುಚ್ಚಿಡುತ್ತಿದ್ದ ಕಾಲ ಅದು. ಪಕ್ಕದ ದಕ್ಷಿಣ ಆಫ್ರಿಕಾದ ಅಧ್ಯಕ್ಷರು ಏಡ್ಸ್‌ಗೆ ವೈರಸ್ ಕಾರಣವೇ ಅಂತ ಅನುಮಾನಿಸುತ್ತಿದ್ದರು.

2002ರ ಜನವರಿಯಲ್ಲಿ ಗ್ಯಾಬೊರೋನೆಯ ಪ್ರಿನ್ಸೆಸ್ ಮರೀನಾ ಆಸ್ಪತ್ರೆಯಲ್ಲಿ ಮಾಸಾ ಎಂಬ ಕಾರ್ಯಕ್ರಮ ಶುರುವಾಯಿತು. ಸರ್ಕಾರದಿಂದ ಉಚಿತ ಎಆರ್‌ಟಿ ಮಾತ್ರೆ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ, ನಾಗರಿಕರಿಗೆಲ್ಲ. ಆಫ್ರಿಕಾದಲ್ಲಿ ಈ ಮಟ್ಟದಲ್ಲಿ ಇದು ಮೊದಲು. ವಜ್ರದ ಆದಾಯ ಇತ್ತು, ಹೊರಗಿನ ದಾನಿಗಳ ನೆರವೂ ಸಿಕ್ಕಿತು, ಜನ ಕಡಿಮೆ. 2004ರಿಂದ ಆಸ್ಪತ್ರೆಗೆ ಬಂದವರಿಗೆಲ್ಲ ಬೇಡ ಅನ್ನದಿದ್ದರೆ ಎಚ್‌ಐವಿ ಪರೀಕ್ಷೆ. 2011ರ ಗಣತಿ ಹೊತ್ತಿಗೆ ಆಯಸ್ಸು 68ಕ್ಕೆ ಮರಳಿತ್ತು. ಹತ್ತು ವರ್ಷದಲ್ಲಿ ಬಿದ್ದು, ಮುಂದಿನ ಹತ್ತು ವರ್ಷದಲ್ಲಿ ಎದ್ದ ಇಂಥ ಉದಾಹರಣೆ ಯುದ್ಧವಿಲ್ಲದ ದೇಶಗಳಲ್ಲಿ ಬಹಳ ಕಡಿಮೆ.

ಜನಸಂಖ್ಯೆ ಕುಗ್ಗಲಿಲ್ಲ. ಬೆಳವಣಿಗೆ ನಿಧಾನವಾಯಿತು, ಅಷ್ಟೇ.

ಹಾಗಾದರೆ ಈಗ ಎಚ್‌ಐವಿ ಇಲ್ಲವಾ?

ಇದೆ. 2021ರ ಸಮೀಕ್ಷೆಯಲ್ಲಿ 15ರಿಂದ 64 ವಯಸ್ಸಿನವರಲ್ಲಿ ಶೇ. 20.8 ಜನಕ್ಕೆ ಸೋಂಕು ಇತ್ತು. ಇದನ್ನು ನೋಡಿ ಗಾಬರಿಯಾಗುವವರೇ ಜಾಸ್ತಿ. ಆದರೆ ಶೇಕಡಾವಾರು ಇಷ್ಟು ಹೆಚ್ಚು ಇರುವುದಕ್ಕೆ ಒಂದು ಕಾರಣ ಸೋಂಕಿತರು ಸಾಯದೆ ಬದುಕಿರುವುದು. ಅವರಲ್ಲಿ ಶೇ. 95 ಜನಕ್ಕೆ ತಮಗೆ ಸೋಂಕಿದೆ ಅಂತ ಗೊತ್ತು. ಗೊತ್ತಿರುವವರಲ್ಲಿ ಶೇ. 98 ಜನ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರಲ್ಲಿ ಸುಮಾರು ಶೇ. 98 ಜನರ ರಕ್ತದಲ್ಲಿ ವೈರಸ್ ಹತೋಟಿಯಲ್ಲಿದೆ. ತಾಯಿಯಿಂದ ಮಗುವಿಗೆ ಹರಡುವುದನ್ನು ತಡೆದದ್ದಕ್ಕೆ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೆಳ್ಳಿ ದರ್ಜೆಯ ಮನ್ನಣೆ ಕೊಟ್ಟಿತು. ಸೋಂಕು ಇಷ್ಟು ಹರಡಿದ್ದ ದೇಶಕ್ಕೆ ಅದು ಸಿಕ್ಕಿದ್ದು ಅದೇ ಮೊದಲು.

ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು?

ಎಪ್ಪತ್ತರ ದಶಕದ ಆರಂಭದಲ್ಲಿ ಆರೂವರೆ ಇತ್ತು. ಈಗ ಮೂರಕ್ಕಿಂತ ಕಡಿಮೆ. ಹೆಣ್ಣುಮಕ್ಕಳ ಓದು, ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಸಿಗುವ ಗರ್ಭನಿರೋಧಕ, ಪಟ್ಟಣದ ಬದುಕು ಇದಕ್ಕೆ ಕಾರಣ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಇಷ್ಟು ಬೇಗ ಇಳಿದ ದೇಶಗಳು ಕೆಲವೇ. ಹದಿನೈದರ ಒಳಗಿನ ಮಕ್ಕಳು ಒಂದು ಕಾಲದಲ್ಲಿ ಅರ್ಧಕ್ಕೆ ಹತ್ತಿರ ಇದ್ದರು. 2011ರಲ್ಲಿ ಮೂರನೇ ಒಂದು ಭಾಗ.

ಮದುವೆ ಆಗುವವರೇ ಕಡಿಮೆಯಂತೆ?

ಹೌದು. ಮದುವೆಯಾಗದೇ ಒಟ್ಟಿಗೆ ಇರುವುದು, ಮಕ್ಕಳಾಗುವುದು ಅಲ್ಲಿ ಸಾಮಾನ್ಯ. ಯಾರೂ ಮೂಗು ಮುರಿಯುವುದಿಲ್ಲ. ಒಂದು ಕಾರಣ ಬೊಗಾಡಿ, ಅಂದರೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವ ತೆರ. ದನದ ಲೆಕ್ಕದಲ್ಲಿ ಕೊಡಬೇಕು. ಅದನ್ನು ಹೊಂದಿಸುವಷ್ಟರಲ್ಲಿ ವಯಸ್ಸಾಗಿರುತ್ತದೆ. ಮದುವೆ ಊಟದ ಖರ್ಚು ಬೇರೆ. ನಾವು ವರದಕ್ಷಿಣೆಯ ಬಗ್ಗೆ ಮಾತಾಡುವ ಹಾಗೆ ಅವರು ಬೊಗಾಡಿಯ ಬಗ್ಗೆ ಗೊಣಗುತ್ತಾರೆ, ದಿಕ್ಕು ಮಾತ್ರ ಉಲ್ಟಾ.

ಇನ್ನೊಂದು ಕಾರಣ ಹಳೆಯದು. ಗಂಡಸರು ಗಣಿಗೆ ಹೋಗಿ ವರ್ಷಗಟ್ಟಲೆ ಊರಲ್ಲಿ ಇರುತ್ತಿರಲಿಲ್ಲ. ಮನೆ ನಡೆಸುತ್ತಿದ್ದವರು ಹೆಂಗಸರು. ಈಗಲೂ ಸುಮಾರು ಅರ್ಧದಷ್ಟು ಮನೆಗಳಿಗೆ ಹೆಂಗಸರೇ ಯಜಮಾನಿಯರು.

ಗಣಿಗೆ ಹೋಗುತ್ತಿದ್ದರು ಅಂದರೆ ಎಲ್ಲಿಗೆ?

ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ. 1899ರಲ್ಲಿ ಬ್ರಿಟಿಷರು ಗುಡಿಸಲು ತೆರಿಗೆ ಹಾಕಿದರು. ತೆರಿಗೆಯನ್ನು ನಾಣ್ಯದಲ್ಲೇ ಕಟ್ಟಬೇಕು. ನಾಣ್ಯ ಸಿಗುವುದು ಗಣಿಯಲ್ಲಿ. ಅಲ್ಲಿಂದ ಮುಂದೆ ಮೂರು ತಲೆಮಾರು ಗಂಡಸರು ಗುತ್ತಿಗೆ ಮೇಲೆ ಹೋಗಿಬರುವುದೇ ಆಯಿತು. ಇದರ ಗುರುತು ಗಣತಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1971ರಲ್ಲಿ ಪ್ರತಿ 100 ಹೆಂಗಸರಿಗೆ ಸುಮಾರು 84 ಗಂಡಸರು. ಎಪ್ಪತ್ತರ ದಶಕದ ಕೊನೆಯಿಂದ ಗಣಿ ಕಂಪನಿಗಳು ಹೊರದೇಶದವರನ್ನು ತೆಗೆದುಕೊಳ್ಳುವುದು ಕಡಿಮೆ ಮಾಡಿದವು. ಇತ್ತ ಮನೆಯಲ್ಲೇ ಒರಾಪಾ, ಆಮೇಲೆ 1982ರಲ್ಲಿ ಜ್ವಾನೆಂಗ್ ವಜ್ರದ ಗಣಿ ಶುರುವಾಗಿದ್ದವು. 2011ರಲ್ಲಿ 100 ಹೆಂಗಸರಿಗೆ 95 ಗಂಡಸರು.

ಈಗ ಹೊರಗಿನಿಂದ ಬರುವವರು ಯಾರು?

ಮುಖ್ಯವಾಗಿ ಜಿಂಬಾಬ್ವೆಯವರು. 2000ದ ನಂತರ ಅಲ್ಲಿನ ಆರ್ಥಿಕತೆ ಕುಸಿದಾಗ ಬಹಳ ಜನ ಬಂದರು. ಮನೆಗೆಲಸ, ಹೊಲದ ಕೆಲಸ, ಗಾರೆ ಕೆಲಸ ಮಾಡುತ್ತಾರೆ. ದಾಖಲೆ ಇಲ್ಲದವರೂ ಇರುವುದರಿಂದ ಸರಿಯಾದ ಲೆಕ್ಕ ಹೇಳುವುದು ಕಷ್ಟ. 2003ರಲ್ಲಿ ಬೋಟ್ಸ್‌ವಾನಾ ಗಡಿಯುದ್ದಕ್ಕೂ ವಿದ್ಯುತ್ ಬೇಲಿ ಹಾಕಲು ಶುರುಮಾಡಿತು. ದನಗಳಿಗೆ ಕಾಲುಬಾಯಿ ರೋಗ ಬರದಿರಲಿ ಅಂತ ಹಾಕಿದ್ದು ಅಂತ ಅಧಿಕೃತ ವಿವರಣೆ. ಜಿಂಬಾಬ್ವೆಯವರು ಅದನ್ನು ನಂಬಲಿಲ್ಲ. 2019ರವರೆಗೆ ಉಚಿತ ಎಆರ್‌ಟಿ ಮಾತ್ರೆ ಹೊರದೇಶದವರಿಗೆ ಸಿಗುತ್ತಿರಲಿಲ್ಲ, ಆಮೇಲೆ ಅವರಿಗೂ ಕೊಟ್ಟರು.

ಭಾರತೀಯರು ಇದ್ದಾರಾ?

ಇದ್ದಾರೆ, ಹಲವು ಸಾವಿರ. ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೇ ಗುಜರಾತಿ ಮುಸ್ಲಿಂ ವ್ಯಾಪಾರಿಗಳು ದಕ್ಷಿಣದ ಊರುಗಳಲ್ಲಿ ಅಂಗಡಿ ಹಾಕಿದ್ದರು. ಸ್ವಾತಂತ್ರ್ಯದ ನಂತರ ಶಿಕ್ಷಕರು, ಲೆಕ್ಕಪತ್ರದವರು, ವೈದ್ಯರು, ಎಂಜಿನಿಯರ್‌ಗಳು ಬಂದರು. ಕಚ್ಚಾ ವಜ್ರದ ಒಂದು ಭಾಗವನ್ನು ದೇಶದೊಳಗೇ ಕತ್ತರಿಸಿ ಹೊಳಪು ಕೊಡಬೇಕು ಅಂತ ಸರ್ಕಾರ ಒತ್ತಾಯಿಸಿದ ಮೇಲೆ ಭಾರತೀಯ ಕಂಪನಿಗಳೂ ಗ್ಯಾಬೊರೋನೆಯಲ್ಲಿ ಘಟಕ ತೆರೆದವು. ಊರಲ್ಲಿ ಹಿಂದೂ ದೇವಸ್ಥಾನ, ಮಸೀದಿ ಎರಡೂ ಇವೆ.

ಧರ್ಮ?

2011ರಲ್ಲಿ ಕ್ರೈಸ್ತರು ಶೇ. 79.1. ಯಾವ ಧರ್ಮವೂ ಇಲ್ಲ ಅಂದವರು ಶೇ. 15.2. ಬಾದಿಮೊ, ಅಂದರೆ ಹಿರಿಯರ ಆರಾಧನೆ ಅಂತ ಬರೆಸಿದವರು ಶೇ. 4.1. ಚರ್ಚಿಗೆ ಹೋಗುತ್ತಲೇ ಹಿರಿಯರನ್ನೂ ನೆನೆಯುವವರು ಇದಕ್ಕಿಂತ ಬಹಳ ಜಾಸ್ತಿ. ಫಾರಂನಲ್ಲಿ ಒಂದೇ ಉತ್ತರಕ್ಕೆ ಜಾಗ.

ಜನರಿಗಿಂತ ಆನೆ ಜಾಸ್ತಿ ಅಂತ ಕೇಳಿದ್ದೇನೆ.

ಸುಳ್ಳು. 2022ರ ಸಮೀಕ್ಷೆಯಲ್ಲಿ ಸುಮಾರು 1,32,000 ಆನೆ ಇದ್ದವು, ಜಗತ್ತಿನಲ್ಲೇ ಅತಿ ಹೆಚ್ಚು. ಹದಿನೆಂಟು ಜನಕ್ಕೆ ಒಂದು ಆನೆ ಬರುತ್ತದೆ. ಜನರಿಗಿಂತ ಜಾಸ್ತಿ ಇದ್ದದ್ದು ದನ, ಅದೂ ಹಿಂದೆ.

ಮುಂದೆ ಏನು ಸಮಸ್ಯೆ ಇದೆ?

ಕೆಲಸ. ಏಡ್ಸ್ ಕಾಲದಲ್ಲಿ ಹುಟ್ಟಿ, ಉಳಿದು, ಓದಿದ ತಲೆಮಾರು ಈಗ ಇಪ್ಪತ್ತು ಮೂವತ್ತರ ಪ್ರಾಯದಲ್ಲಿದೆ. ದುಡಿಯುವ ವಯಸ್ಸಿನವರು ಜಾಸ್ತಿ, ಅವಲಂಬಿತರು ಕಡಿಮೆ. ಪುಸ್ತಕದ ಪ್ರಕಾರ ಇದು ದೇಶಕ್ಕೆ ಒಳ್ಳೆಯ ಕಾಲ. ಆದರೆ ವಜ್ರದ ಗಣಿ ದುಡ್ಡು ತರುತ್ತದೆ, ಕೆಲಸ ಕೊಡುವುದು ಕೆಲವೇ ಸಾವಿರ ಜನಕ್ಕೆ. ನಿರುದ್ಯೋಗ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ, ಯುವಕರಲ್ಲಿ ಇನ್ನೂ ಹೆಚ್ಚು. ಪ್ರಯೋಗಾಲಯದಲ್ಲಿ ಮಾಡಿದ ವಜ್ರ ಬಂದ ಮೇಲೆ ಮಾರುಕಟ್ಟೆಯೂ ಬಿದ್ದಿದೆ. 1966ರಿಂದ ಒಂದೇ ಪಕ್ಷ ಆಳುತ್ತಿದ್ದ ದೇಶದಲ್ಲಿ 2024ರ ಅಕ್ಟೋಬರ್ ಚುನಾವಣೆಯಲ್ಲಿ ಆ ಪಕ್ಷ ಸೋತು ಡುಮಾ ಬೊಕೊ ಅಧ್ಯಕ್ಷರಾದರು. ಕೆಲಸವಿಲ್ಲದ ಯುವಕರ ಸಿಟ್ಟು ಅದರಲ್ಲಿ ಬಹಳ ಕೆಲಸ ಮಾಡಿತು.

ವೃದ್ಧರ ಸಂಖ್ಯೆ ಇನ್ನೂ ಕಡಿಮೆ. 65 ದಾಟಿದ ಎಲ್ಲ ನಾಗರಿಕರಿಗೂ 1996ರಿಂದ ಪಿಂಚಣಿ ಇದೆ, ಬಡವ ಶ್ರೀಮಂತ ಅಂತ ನೋಡುವುದಿಲ್ಲ. ಎಷ್ಟೋ ಹಳ್ಳಿ ಮನೆಗಳಲ್ಲಿ ತಿಂಗಳಾ ತಿಂಗಳು ತಪ್ಪದೆ ಬರುವ ದುಡ್ಡು ಅಜ್ಜಿಯ ಆ ಪಿಂಚಣಿ ಒಂದೇ. ಅದರಲ್ಲಿ ಮೊಮ್ಮಕ್ಕಳ ಊಟವೂ ನಡೆಯುತ್ತದೆ, ಕೆಲಸ ಹುಡುಕುವ ಮಗ ಗ್ಯಾಬೊರೋನೆಗೆ ಹೋಗುವ ಬಸ್ ಚಾರ್ಜೂ ಆಗುತ್ತದೆ.